ಹಾಲುಹಲ್ಲಿನ ಗುರುತು

ನನಗೆ ಜನರ ಮುಖ ಮರೆತುಹೋಗುತ್ತದೆ, ಹಲ್ಲು ಮರೆಯುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಹಲ್ಲುಸೆಟ್ಟು ಮಾಡುತ್ತಿದ್ದೇನೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಗುಲಾಬಿ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುತ್ತೇನೆ. ನಮ್ಮ ಕಟ್ಟಡದವರು ನನ್ನನ್ನು ಹಲ್ಲು ಮೇಸ್ತ್ರಿ ಎಂದೇ ಕರೆಯುತ್ತಾರೆ. ಒಂದು ಹಲ್ಲು ಕೂದಲೆಳೆಯಷ್ಟು ಸರಿದಿದ್ದರೂ ಕಣ್ಣು ಮುಚ್ಚಿ ಬೆರಳಲ್ಲೇ ಹೇಳಬಲ್ಲೆ ಎಂದು ಎಷ್ಟೋ ಜನರ ಎದುರು ಕೊಚ್ಚಿಕೊಂಡಿದ್ದೇನೆ. ಆ ಜಂಬವೇ ನನ್ನ ಮಗಳನ್ನು ಮನೆಯಿಂದ ಹೊರಗೆ ಹಾಕಿಸಿತು.

ಕಾಯಿಲೆ ಹರಡಿ ಊರಿಗೆ ಊರೇ ಬಾಗಿಲು ಹಾಕಿದಾಗ ನಾನು ಸಾಮಾನನ್ನೆಲ್ಲ ಮನೆಗೆ ತಂದೆ. ಮೂರನೇ ಮಹಡಿ, ಎರಡು ಕೋಣೆ, ಒಂದು ಅಡುಗೆಮನೆ, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಬಾಲ್ಕನಿ. ಊಟದ ಮೇಜು ನನ್ನ ಕಾರ್ಖಾನೆಯಾಯಿತು. ಮಲಗುವ ಕೋಣೆ ಹೆಂಡತಿಯ ಆಫೀಸಾಯಿತು. ಅವಳು ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ಕಂಪನಿಯ ದೂರು ವಿಭಾಗದಲ್ಲಿದ್ದಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಯಾರ್ಯಾರದೋ ಬೈಗುಳಕ್ಕೆ 'ಕ್ಷಮಿಸಿ ಸರ್' ಎನ್ನುತ್ತಾ ಕೂರಬೇಕು. ಪ್ರತಿಯೊಂದು ಕರೆಯೂ ರೆಕಾರ್ಡ್ ಆಗುತ್ತಿತ್ತು. ಹಿಂದೆ ಮಕ್ಕಳ ಗಲಾಟೆ ಕೇಳಿಸಿತೆಂದು ಮೊದಲ ಹದಿನೈದು ದಿನದಲ್ಲೇ ಎರಡು ಎಚ್ಚರಿಕೆ ಬಂದವು. ಮೂರನೆಯದು ಬಂದರೆ ಕೆಲಸಕ್ಕೆ ಎಳ್ಳುನೀರು.

ಆ ಮನೆಯಲ್ಲಿ ಗಲಾಟೆಯಿಲ್ಲದೆ ಇರಬೇಕಾದವರು ಇಬ್ಬರು. ಮಗಳಿಗೆ ಒಂಬತ್ತು. ಮಾತು ಕಲಿತಾಗಿನಿಂದ ಬಾಯಿಗೆ ಬಿಡುವೇ ಇಲ್ಲವೆಂದು ಅವಳನ್ನು ಗಿಣಿ ಎನ್ನುತ್ತಿದ್ದೆವು. ಮಗನಿಗೆ ನಾಲ್ಕು. ಅವನ ಗಂಟಲಿಗೆ ಹೆದರಿ ನನ್ನ ತಂಗಿ ಇಟ್ಟ ಹೆಸರು ಡೋಲು. ಶಾಲೆ ಮುಚ್ಚಿತು, ಆಟದ ಮೈದಾನಕ್ಕೆ ಪೊಲೀಸರು ಹಗ್ಗ ಕಟ್ಟಿದರು, ಮೆಟ್ಟಿಲ ಮೇಲೆ ಮಕ್ಕಳು ಕಂಡರೆ ಕೆಳಗಿನ ಮನೆಯ ಅಜ್ಜಿ ಬಾಗಿಲ ಸಂದಿಯಿಂದಲೇ ಶಾಪ ಹಾಕುತ್ತಿದ್ದಳು. ಡೋಲು ಈ ಗೋಡೆಯಿಂದ ಆ ಗೋಡೆಗೆ ಓಡಿ ತಲೆ ಗುದ್ದುತ್ತಿದ್ದ. ಬಾಗಿಲಿಗೆ ಒದೆಯುತ್ತಿದ್ದ. ಕಾರಣವಿಲ್ಲದೆ ಕಿಟಾರನೆ ಕಿರುಚಿ, ನಾವು ಓಡಿ ಹೋದರೆ ನೆಲದ ಮೇಲೆ ಬಿದ್ದು ಇನ್ನೂ ಜೋರು ಮಾಡುತ್ತಿದ್ದ. ಎರಡನೇ ವಾರದಲ್ಲಿ ಮಂಚದಿಂದ ಹಾರಿ ಬಿದ್ದು ಬಾಯಿ ಒಡೆದುಕೊಂಡ.

"ರೀ, ಮುಂದಿನ ಹಲ್ಲು ಒಳಗೆ ಹೋದಂಗಿದೆ, ಒಂಚೂರು ನೋಡಿ" ಎಂದಳು ಹೆಂಡತಿ.

"ಹಾಲುಹಲ್ಲು ತಾನೆ? ಹೇಗೂ ಬೀಳುತ್ತೆ ಬಿಡು" ಎಂದೆ. ಹಲ್ಲಿಲ್ಲದ ಮುದುಕರೊಬ್ಬರು ಗಂಜಿಯೇ ಗತಿಯಾಯಿತೆಂದು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದರು. ಅವರ ಸೆಟ್ಟು ನನ್ನ ಕೈಯಲ್ಲಿತ್ತು. ನಾನು ತಲೆ ಎತ್ತಲಿಲ್ಲ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನಗೆ ಧೈರ್ಯ ಬರಲಿಕ್ಕಿಲ್ಲ. ಎರಡನೇ ಎಚ್ಚರಿಕೆ ಬಂದ ದಿನ ನಾನು ಪ್ಲಾಸ್ಟರ್ ಕಲಸುತ್ತಿದ್ದೆ. ಕೋಣೆಯೊಳಗೆ ಹೆಂಡತಿ ಅಳುತ್ತಿದ್ದಳು, ಹೊರಗೆ ಡೋಲು ಕಿರುಚುತ್ತಿದ್ದ. ನನ್ನ ಪಿತ್ತ ನೆತ್ತಿಗೇರಿತು. ಬಟ್ಟಲು ಹಿಡಿದುಕೊಂಡೇ ಹೋಗಿ ಅವನ ಗಲ್ಲ ಒತ್ತಿ ಹಿಡಿದೆ. "ಇನ್ನೊಂದ್ ಸಲ ಕೂಗಿದ್ರೆ ಇದನ್ನ ಬಾಯಿಗೆ ಸುರಿದುಬಿಡ್ತೀನಿ. ಕಲ್ಲಾಗುತ್ತೆ, ಗೊತ್ತಾ? ಆಮೇಲೆ ಬಾಯಿ ತೆಗೆಯೋಕೇ ಆಗಲ್ಲ" ಎಂದೆ. ಪ್ಲಾಸ್ಟರ್ ಕಲ್ಲಾಗುವುದನ್ನು ಅವನು ದಿನವೂ ನೋಡುತ್ತಿದ್ದ. ಕಣ್ಣು ದೊಡ್ಡದು ಮಾಡಿ ಬಟ್ಟಲನ್ನೇ ನೋಡಿದ.

ಅವತ್ತಿನಿಂದ ಅವನು ಕೂಗಲಿಲ್ಲ. ಮಗ ತಿದ್ದಿಕೊಂಡ ಎಂದು ನಾವಿಬ್ಬರೂ ನಿಟ್ಟುಸಿರು ಬಿಟ್ಟೆವು. "ನೋಡಿದ್ಯಾ, ಭಯ ಇರ್ಬೇಕು" ಎಂದು ನಾನು ಹೆಂಡತಿಗೆ ಪಾಠವನ್ನೂ ಹೇಳಿದೆ.

ಮಗ ಸರಿಹೋಗುತ್ತಿದ್ದಂತೆ ಮಗಳು ಕೆಟ್ಟಳು. ಗಿಣಿಗೆ ಮಾತೇ ನಿಂತುಹೋಯಿತು. ಒಂಬತ್ತು ವರ್ಷದ ಹುಡುಗಿ ಹಾಸಿಗೆ ಒದ್ದೆ ಮಾಡತೊಡಗಿದಳು. ಬರೆಯಲು ಕೊಟ್ಟ ಪುಸ್ತಕದ ಹಾಳೆ ಕಿತ್ತು ಚೂರುಚೂರು ಮಾಡಿ ಮಂಚದ ಕೆಳಗೆ ತುರುಕುತ್ತಿದ್ದಳು. ಕೈ ಒರೆಸುವ ಟವಲ್ಲುಗಳು ಒಂದೊಂದಾಗಿ ಕಾಣೆಯಾದವು. ಹುಡುಕಿದರೆ ಅವೂ ಅಲ್ಲೇ ಸಿಕ್ಕವು, ತುದಿಯೆಲ್ಲ ಇಲಿ ಕಡಿದ ಹಾಗೆ ಹರಿದು, ಒದ್ದೆಯಾಗಿ, ವಾಸನೆ ಹೊಡೆಯುತ್ತ. ಹೆಂಡತಿ ಟವಲ್ಲನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದಳು.

ಅದಾದ ಮೇಲೆ ಶುರುವಾದದ್ದು ಸ್ವೆಟರ್ ಹುಚ್ಚು. ಸೆಕೆಗೆ ಗೋಡೆಯೇ ಬೆವರುವ ದಿನಗಳು, ಇವಳು ತುಂಬುತೋಳಿನ ನೀಲಿ ಉಣ್ಣೆ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದಳು. ಬಿಚ್ಚು ಎಂದರೆ ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಮೂಲೆ ಸೇರುತ್ತಿದ್ದಳು. ಸ್ನಾನಕ್ಕೆ ಅಮ್ಮನನ್ನೂ ಒಳಗೆ ಬಿಡುತ್ತಿರಲಿಲ್ಲ. "ಹಠಮಾರಿ, ಥೇಟ್ ನಿಮ್ಮಂಗೇ" ಎಂದಳು ಹೆಂಡತಿ. ನನಗೂ ಹಾಗೇ ಅನಿಸಿ ಸುಮ್ಮನಾದೆ.

ಅದೇ ವಾರ ಡೋಲುವಿನ ಎಡಗೈ ಮೇಲೆ ಮೊದಲ ಹಲ್ಲಿನ ಗುರುತು ಕಂಡಿತು. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಕೆಂಪಗೆ, ಎರಡು ಸಣ್ಣ ಕಮಾನು. ಯಾರು ಕಚ್ಚಿದ್ದು ಎಂದು ಕೇಳಿದರೆ ಅವನು ಅಕ್ಕನನ್ನು ನೋಡಿದ. ಅಕ್ಕ ನೆಲ ನೋಡಿದಳು. ಮರುದಿನ ಇನ್ನೊಂದು. ಅದರ ಮರುದಿನ ಎರಡು, ಒಂದರಲ್ಲಿ ರಕ್ತ ಒಸರಿತ್ತು.

"ತಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು ಬಂದಿದೆ ಇವಳಿಗೆ. ನಾಳೆ ಕಣ್ಣಿಗೆ ಕೈ ಹಾಕಿದ್ರೆ? ನಾನು ಒಳಗೆ ಬಾಗಿಲು ಹಾಕ್ಕೊಂಡಿರ್ತೀನಿ, ನೀವು ಮೇಣದಲ್ಲಿ ಮುಳುಗಿರ್ತೀರ. ಯಾರು ಕಾಯೋದು?" ಎಂದಳು ಹೆಂಡತಿ. ಮೂರು ತಿಂಗಳಲ್ಲಿ ಅವಳು ಅರ್ಧ ಆಗಿದ್ದಳು.

"ಗಿಣಿ, ನಿಜ ಹೇಳು. ನೀನೇ ತಾನೆ?" ಎಂದೆ. ಅವಳು ಸ್ವೆಟರಿನ ತೋಳನ್ನು ಬೆರಳವರೆಗೆ ಎಳೆದುಕೊಂಡಳು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಹತ್ತಿರ ಕೂರಿಸಿಕೊಂಡು ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಆದರೆ ನಾನು ಹಲ್ಲು ಮೇಸ್ತ್ರಿ. ನನ್ನ ಮನೆಯಲ್ಲೇ ಹಲ್ಲಿನ ಗುರುತು ಬಿದ್ದು, ಅದು ಯಾರದೆಂದು ನನಗೇ ಗೊತ್ತಿಲ್ಲವೆಂದರೆ ಹೇಗೆ?

ಗುಲಾಬಿ ಮೇಣದ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಎರಡು ಪದರ ಮಡಚಿ, ಅವಳ ಬಾಯಿಗಿಟ್ಟೆ. "ಕಚ್ಚು." ಕಚ್ಚಿದಳು. ತಣ್ಣೀರಿನಲ್ಲಿ ಅದ್ದಿ ಗಟ್ಟಿ ಮಾಡಿ ಮೇಜಿನ ದೀಪದ ಕೆಳಗೆ ಹಿಡಿದೆ. ಡೋಲುವಿನ ಕೈಯನ್ನು ಪಕ್ಕದಲ್ಲಿಟ್ಟೆ. ಕೈಯ ಮೇಲಿನ ಗುರುತಿನಲ್ಲಿ ಮೇಲಿನ ಸಾಲಿನ ಒಂದು ಹಲ್ಲು ಒಳಗೆ ಸರಿದಿತ್ತು. ಗಿಣಿಗೆ ಹೊಸದಾಗಿ ಬಂದ ಮುಂದಿನ ಹಲ್ಲು ತುಸು ತಿರುಚಿಕೊಂಡು ಒಳಗೆ ಹೋಗಿದೆ, ಅದನ್ನು ನಾನು ಆರು ತಿಂಗಳಿಂದ ಬಲ್ಲೆ. ಮೇಣದಲ್ಲೂ ಅದೇ ಜಾಗ, ಅದೇ ವಾಲು.

ಕೈಯ ಮೇಲಿನ ಗುರುತಿನ ಅಗಲ ಮಾತ್ರ ಮೇಣದ್ದಕ್ಕಿಂತ ಸ್ವಲ್ಪ ಕಡಿಮೆ ಬಂತು. ಚರ್ಮ ಕುಗ್ಗಿರಬೇಕು ಎಂದುಕೊಂಡೆ.

"ನೋಡು, ನಿನ್ನ ಹಲ್ಲೇ ಸಾಕ್ಷಿ ಹೇಳ್ತಿದೆ" ಎಂದು ಮೇಣವನ್ನು ಅವಳ ಮುಖದ ಮುಂದೆ ಹಿಡಿದೆ. ನನಗೆ ಒಳಗೊಳಗೇ ಗೆದ್ದ ಖುಷಿ. ಆ ಖುಷಿ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಗಿಣಿ ಮೇಣವನ್ನು ನೋಡಿದಳು, ತಮ್ಮನನ್ನು ನೋಡಿದಳು, ಮೇಜಿನ ಮೇಲಿದ್ದ ಪ್ಲಾಸ್ಟರ್ ಬಟ್ಟಲನ್ನು ನೋಡಿದಳು.

"ಹೂಂ. ನಾನೇ" ಎಂದಳು.

ನನ್ನ ತಂಗಿ ಔಷಧಿ ಗೋದಾಮಿನಲ್ಲಿ ಕೆಲಸ ಮಾಡುತ್ತಾಳೆ, ಊರಾಚೆ ಮನೆ, ಮಕ್ಕಳಿಲ್ಲ. ಗೋದಾಮಿನ ವ್ಯಾನಿಗೆ ಓಡಾಡುವ ಪಾಸು ಇತ್ತು. "ಕಳ್ಸು ಅಣ್ಣ, ಒಂದು ತಿಂಗಳು ನನ್ನ ಜೊತೆ ಇರ್ಲಿ. ಜಾಗ ಬದಲಾದ್ರೆ ಸರಿಹೋಗ್ತಾಳೆ" ಎಂದಳು. ಹೆಂಡತಿ ಎರಡು ದಿನ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೂರನೆಯ ದಿನ ಡೋಲುವಿನ ಕೈಯಲ್ಲಿ ಮತ್ತೊಂದು ಗುರುತು ನೋಡಿ ಅಳುತ್ತಲೇ ಬಟ್ಟೆ ಚೀಲ ತುಂಬಿದಳು.

ವ್ಯಾನು ಬಂದಾಗ ಗಿಣಿ ಅಳಲಿಲ್ಲ, ಹಠ ಮಾಡಲಿಲ್ಲ. ನೀಲಿ ಸ್ವೆಟರಿನಲ್ಲೇ ಹೊರಟಳು. ಬಾಗಿಲಲ್ಲಿ ಕೂತು ತಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಅವನು ತಲೆಯಾಡಿಸಿದ. ಎದ್ದವಳು ಅಮ್ಮನ ಹತ್ತಿರ ಬಂದು, "ಅಮ್ಮ, ಬೀರು ಬೀಗ ತೆಗಿ. ಅವನಿಗೆ ಒಂದು ಟವಲ್ ಕೊಡು" ಎಂದಳು.

"ಯಾಕೆ?"

"ಸುಮ್ನೆ. ಕೊಡು."

"ಹೋಗೋ ಹೊತ್ತಲ್ಲೂ ಇವಳದ್ದೊಂದು ನಾಟಕ" ಎಂದೆ ನಾನು. ಟವಲ್ ಯಾರೂ ಕೊಡಲಿಲ್ಲ.

ಎರಡು ದಿನ ಮನೆ ತಣ್ಣಗಿತ್ತು. ಮೂರನೆಯ ದಿನ ಮಧ್ಯಾಹ್ನ ಡೋಲುವಿಗೆ ಅನ್ನ ಕಲಸಿ ತಿನ್ನಿಸಲು ಕೂತಾಗ ಅವನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಎಳೆದು ನೋಡಿದೆ. ಹೊಸ ಗುರುತು. ಆಗಷ್ಟೇ ಬಿದ್ದದ್ದು, ಎಂಜಲು ಇನ್ನೂ ಆರಿರಲಿಲ್ಲ.

ಒಂದು ಕ್ಷಣ ನನಗೆ ಏನೂ ಹೊಳೆಯಲಿಲ್ಲ. ಮನೆಯಲ್ಲಿ ನಾನು, ಬಾಗಿಲು ಹಾಕಿದ ಕೋಣೆಯಲ್ಲಿ ಹೆಂಡತಿ, ಇವನು. ಗಿಣಿ ಇಲ್ಲಿಂದ ಇಪ್ಪತ್ತು ಮೈಲಿ ದೂರ. ಅವನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹಳೆಯದು, ಹೊಸದು, ಎಲ್ಲವೂ ಎಡಗೈ ಮೇಲೆ, ಎಲ್ಲವೂ ಅವನ ಬಾಯಿಗೆ ನಿಲುಕುವಲ್ಲಿ. ಬೆನ್ನಿನ ಮೇಲೆ ಒಂದಿಲ್ಲ, ಭುಜದ ಮೇಲೆ ಒಂದಿಲ್ಲ. ಇದನ್ನು ಕಾಣಲು ಹಲ್ಲು ಮೇಸ್ತ್ರಿಯೇ ಆಗಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು.

"ಬಾಯಿ ತೆಗಿ ಮಗ" ಎಂದೆ.

ಅವನು ತುಟಿ ಬಿಗಿದುಕೊಂಡ. ನನ್ನ ಕೈಯಲ್ಲಿ ಅನ್ನದ ಬಟ್ಟಲಿತ್ತು. ಅದನ್ನು ಕೆಳಗಿಟ್ಟು, ಎರಡೂ ಕೈ ಖಾಲಿ ಎಂದು ತೋರಿಸಿದೆ. ಎಷ್ಟೋ ಹೊತ್ತಿನ ಮೇಲೆ ಬಾಯಿ ತೆಗೆದ. ಮೇಲಿನ ಸಾಲಿನಲ್ಲಿ, ಮಂಚದಿಂದ ಬಿದ್ದಾಗ ಒಳಗೆ ಹೋದ ಹಾಲುಹಲ್ಲು ಹಾಗೇ ಬಗ್ಗಿಕೊಂಡು ನಿಂತಿತ್ತು. ಅಕ್ಕನ ಹಲ್ಲು ವಾಲಿದ್ದ ಕಡೆಗೇ ಅದೂ ವಾಲಿತ್ತು. ಇಪ್ಪತ್ತೆರಡು ವರ್ಷ ಊರಿನವರ ಬಾಯಿಯನ್ನೆಲ್ಲ ಅಳೆದವನು ನನ್ನ ಮಗನ ಬಾಯನ್ನು ಒಮ್ಮೆಯೂ ನೋಡಿರಲಿಲ್ಲ.

ಈ ಸಲ ಮೇಣದಲ್ಲಿ ಅಚ್ಚು ತೆಗೆದು ನೋಡಬೇಕೆನಿಸಲಿಲ್ಲ. ಗಿಣಿಯ ಮೇಣದ ಅಚ್ಚು ಡ್ರಾಯರಿನಲ್ಲೇ ಇತ್ತು. ಅದನ್ನು ಮುಟ್ಟಲೂ ಆಗಲಿಲ್ಲ.

ತಂಗಿಗೆ ಫೋನ್ ಮಾಡಲು ಎದ್ದರೆ ಅವಳದೇ ಕರೆ ಬಂತು. "ಅಣ್ಣ" ಎಂದವಳೇ ಅಳತೊಡಗಿದಳು. ಅವಳು ಅಳುವುದನ್ನು ನಾನು ಅಪ್ಪ ಸತ್ತ ದಿನ ಬಿಟ್ಟರೆ ಕೇಳಿಲ್ಲ. "ಇವತ್ತು ಬಲವಂತ ಮಾಡಿ ಸ್ವೆಟರ್ ಬಿಚ್ಚಿಸಿ ಸ್ನಾನ ಮಾಡಿಸ್ದೆ ಕಣೋ. ಫೋಟೋ ಕಳ್ಸಿದೀನಿ ನೋಡು. ನಂಗೆ ಹೇಳೋಕಾಗ್ತಿಲ್ಲ."

ಫೋಟೋದಲ್ಲಿ ಎರಡು ಸಣ್ಣ ತೋಳು. ಮೊಣಕೈವರೆಗೆ ಕಚ್ಚಿದ ಗುರುತುಗಳು, ಒಂದರ ಮೇಲೊಂದು. ಕೆಲವು ಕಪ್ಪಾಗಿ ಒಣಗಿದ್ದವು, ಕೆಲವು ಹಸಿರು, ಹಳದಿ. ಪ್ರತಿಯೊಂದರಲ್ಲೂ ಒಂದು ಹಲ್ಲು ಒಳಗೆ ಸರಿದಿತ್ತು.

"ಫೋನ್ ಅವಳಿಗೆ ಕೊಡು" ಎಂದೆ.

"ಅಪ್ಪ" ಎಂದಳು ಗಿಣಿ. ಆ ಒಂದು ಪದದಲ್ಲೇ ಅವಳು ಹೆದರಿದ್ದಾಳೆಂದು ತಿಳಿಯಿತು. "ಅತ್ತೆ ನೋಡಿಬಿಟ್ರು. ಡೋಲುಗೆ ಬೈಬೇಡ. ಅವನದ್ದೇನೂ ತಪ್ಪಿಲ್ಲ, ನಾನೇ ಹೇಳ್ಕೊಟ್ಟಿದ್ದು."

"ಏನು ಹೇಳ್ಕೊಟ್ಟೆ ಕಂದ?"

"ಕೂಗು ಬಂದ್ರೆ ಕಚ್ಕೋ ಅಂತ. ಬಾಯಲ್ಲಿ ಏನಾದ್ರೂ ಇದ್ರೆ ಸದ್ದು ಬರಲ್ಲ ಅಲ್ವಾ? ಮೊದ್ಲು ಪುಸ್ತಕದ ಹಾಳೆ, ಆಮೇಲೆ ಟವಲ್ ಕೊಡ್ತಿದ್ದೆ. ಅಮ್ಮ ಬೀಗ ಹಾಕಿದ್ಮೇಲೆ ಅವನು ತನ್ನ ಕೈ ಕಚ್ಕೊಳ್ಳೋಕೆ ಶುರು ಮಾಡ್ದ. ಅವನ ಕೈ ಪುಟ್ಟದು ಅಪ್ಪ, ರಕ್ತ ಬರ್ತಿತ್ತು. ಅದಕ್ಕೆ ನಂದು ಕೊಟ್ಟೆ. ನಾನು ಬಚ್ಚಲಿಗೆ ಹೋದಾಗ, ನಿದ್ದೆ ಬಂದಾಗ ಮಾತ್ರ ಅವನ ಕೈ ಕಚ್ಕೋತಿದ್ದ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕಚ್ಚಬೇಡ ಅಂತಿದ್ದೆ. ಕಚ್ಚದಿದ್ರೆ ಅವನು ಕೂಗ್ತಿದ್ದ. ಕೂಗಿದ್ರೆ ನೀನು ಪ್ಲಾಸ್ಟರ್ ಸುರೀತಿದ್ದೆ."

ನಾನು ಹಾಗೆ ಸುರಿಯುತ್ತೇನೆಂದು ಅವಳು ನಿಜಕ್ಕೂ ನಂಬಿದ್ದಳು. ಎರಡು ತಿಂಗಳು, ಒಂಬತ್ತು ವರ್ಷದ ಮಗು, ನನ್ನಿಂದ ತಮ್ಮನ ಜೀವ ಕಾಯುತ್ತಿದ್ದೇನೆಂದುಕೊಂಡು ಬದುಕಿತ್ತು, ಕಡೆಗೆ ಸೆಕೆಯಲ್ಲಿ ಉಣ್ಣೆಯನ್ನೂ ಹೊದ್ದು ಕೂತಿತ್ತು. ಇನ್ನು ಹಾಸಿಗೆ ಒದ್ದೆಯಾಗದೆ ಏನಾಗುತ್ತದೆ?

"ಈಗಲೇ ಬರ್ತೀನಿ, ನಿನ್ನ ಕರ್ಕೊಂಡು ಬರ್ತೀನಿ" ಎಂದೆ. ತಂಗಿ ಫೋನ್ ತೆಗೆದುಕೊಂಡಳು. "ಅಣ್ಣ, ಆಗಲ್ಲ. ಬೆಳಿಗ್ಗೆ ನಮ್ಮ ಬೀದೀಲಿ ಇಬ್ಬರಿಗೆ ಬಂದಿದೆ. ಎರಡೂ ಕಡೆ ತಗಡು ಹೊಡೆದು ಬೀದಿ ಮುಚ್ಚಿದ್ದಾರೆ. ವ್ಯಾನು ಇರ್ಲಿ, ಹಾಲಿನವನನ್ನೂ ಬಿಡ್ತಿಲ್ಲ. ಎಷ್ಟು ದಿನ ಅಂತ ಯಾರೂ ಹೇಳ್ತಿಲ್ಲ."

ಆದರೂ ಹೋದೆ. ಮೊದಲ ಅಡ್ಡಗಟ್ಟೆಯಲ್ಲೇ ಪೊಲೀಸಿನವನು ಲಾಠಿ ಅಡ್ಡ ಹಿಡಿದ. ನನ್ನ ಮಗಳು ಅಲ್ಲಿದ್ದಾಳೆ ಎಂದೆ. "ಎಲ್ಲರ ಮಕ್ಕಳೂ ಎಲ್ಲೋ ಒಂದು ಕಡೆ ಇದ್ದಾರೆ ಸ್ವಾಮಿ" ಎಂದ. ಅವನೂ ಸೋತಿದ್ದ. ಕೈಮುಗಿದೆ, ಜಗಳವಾಡಿದೆ, ರಸ್ತೆ ಮಧ್ಯೆ ಕೂತುಬಿಟ್ಟೆ. ಕೊನೆಗೆ ಅವನೇ ಎಬ್ಬಿಸಿ ಮನೆ ಕಡೆ ತಿರುಗಿಸಿದ.

ಬಂದವನೇ ಪ್ಲಾಸ್ಟರ್ ಚೀಲ, ಬಟ್ಟಲು ಎಲ್ಲವನ್ನೂ ಹೊತ್ತು ಮೆಟ್ಟಿಲ ಕೆಳಗಿನ ಗೂಡಿಗೆ ಹಾಕಿದೆ. ಮುದುಕರ ಸೆಟ್ಟು ಅರ್ಧಕ್ಕೇ ನಿಂತಿತು. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೀರುವಿನ ಬೀಗ ತೆಗೆದು ಟವಲ್ಲುಗಳನ್ನೆಲ್ಲ ನೆಲಕ್ಕೆ ಎಳೆದು ಹಾಕಿ ಅವುಗಳ ನಡುವೆ ಕೂತಳು. ಕೊರಳಲ್ಲಿ ನೇತಾಡುತ್ತಿದ್ದ ಹೆಡ್‌ಫೋನಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಲೇ ಇದ್ದರು.

"ಕೂಗ್ಲಿ ಬಿಡಿ. ಕೆಲಸ ಹೋದ್ರೆ ಹೋಗ್ಲಿ. ಅವನು ಬಾಯಿ ಬಿಟ್ಟು ಕೂಗ್ಲಿ" ಎಂದಳು.

ಡೋಲುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋದೆ. ಕೆಳಗೆ ಬೀದಿ ಬಿಕೋ ಎನ್ನುತ್ತಿತ್ತು. "ಕೂಗು ಮಗ. ಎಷ್ಟು ಜೋರಾಗಿ ಬೇಕೋ ಅಷ್ಟು ಕೂಗು. ಅಪ್ಪ ಏನೂ ಮಾಡಲ್ಲ. ಪ್ಲಾಸ್ಟರ್ ಎಲ್ಲ ಹೊರಗೆ ಹಾಕ್ಬಿಟ್ಟೆ" ಎಂದೆ. ಅವನು ನನ್ನ ಮುಖ ನೋಡುವ ಮೊದಲು ತಿರುಗಿ ಒಳಗಿನ ಮೇಜನ್ನು ನೋಡಿದ. ಬಾಯಿ ತೆರೆದ. ಕತ್ತಿನ ನರ ಉಬ್ಬಿದವು, ಮುಖ ಕೆಂಪಾಯಿತು, ಸದ್ದು ಬರಲಿಲ್ಲ. ನಾನೇ ಕೂಗಿ ತೋರಿಸಿದೆ, ಹುಚ್ಚನ ಹಾಗೆ, ಆ ಅಂತ. ಎದುರು ಕಟ್ಟಡದ ಕಿಟಕಿಯೊಂದು ತೆರೆದು ಮುಚ್ಚಿತು. ಡೋಲು ನಡುಗಿದ. ನನ್ನ ಕೂಗಿಗೇ ಹೆದರಿ ಎಡಗೈಯನ್ನು ಬಾಯಿಗೆ ಒಯ್ದ. ಟವಲ್ ಕೊಟ್ಟರೆ ತಳ್ಳಿದ.

ಕಡೆಗೆ ನನ್ನ ಕೈಯನ್ನು ಅವನ ಬಾಯಿಗಿಟ್ಟೆ. ಮೊದಲು ನನ್ನ ಕಣ್ಣನ್ನೇ ನೋಡಿದ. ಆಮೇಲೆ ಕಚ್ಚಿದ. ಅಷ್ಟು ಸಣ್ಣ ಬಾಯಲ್ಲಿ ಅಷ್ಟು ಬಲ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಈ ನೋವನ್ನು ಗಿಣಿ ಹಲ್ಲು ಕಚ್ಚಿ ಸಹಿಸಿದ್ದಳು, ದಿನಕ್ಕೆ ಎಷ್ಟು ಸಲವೋ, ಪಕ್ಕದ ಮೇಜಿನಲ್ಲಿ ಕೂತ ನನಗೆ ಒಂದು ಉಸಿರೂ ಕೇಳದ ಹಾಗೆ.

ಇವತ್ತಿಗೆ ಹನ್ನೊಂದು ದಿನ. ತಗಡು ತೆಗೆದಿಲ್ಲ. ಡೋಲು ಇನ್ನೂ ಕೂಗಿಲ್ಲ. ಸಂಜೆ ಐದಕ್ಕೆ ಗಿಣಿ ಫೋನ್ ಮಾಡುತ್ತಾಳೆ. ಊಟ ಆಯಿತಾ, ನಿದ್ದೆ ಬಂತಾ ಎಂದು ನಾನು ಕೇಳುವ ಮೊದಲೇ ಅವಳು ಕೇಳುವುದು ಒಂದೇ ಮಾತು.

"ಅಪ್ಪ, ಇವತ್ತು ಯಾರ ಕೈ?"

"ನಂದೇ ಕಂದ" ಎನ್ನುತ್ತೇನೆ.

ಸಮಾಧಾನದ ಉಸಿರು ಬಿಡುವುದು ಕೇಳಿಸುತ್ತದೆ. ನಿನ್ನೆ ಫೋನ್ ಇಡುವ ಮೊದಲು ತಡೆದು, ಅತ್ತೆಗೆ ಕೇಳಬಾರದೆಂದೋ ಏನೋ, ದನಿ ತಗ್ಗಿಸಿ ಹೇಳಿದಳು: "ಒಂದೇ ಜಾಗದಲ್ಲಿ ಕೊಡ್ಬೇಡ ಅಪ್ಪ, ಗಾಯ ಮಾಯೋದೇ ಇಲ್ಲ. ಒಂದಿನ ಎಡಗೈ, ಒಂದಿನ ಬಲಗೈ ಕೊಡು. ಮತ್ತೆ ಕೈ ಎಳ್ಕೋಬೇಡ. ಎಳ್ಕೊಂಡ್ರೆ ಅವನಿಗೆ ಭಯ ಆಗುತ್ತೆ."